ಮನೆಯ ಸಂಗೀತ ಸ್ಟುಡಿಯೋಗೆ ನಾನು ವೈರಿಂಗ್ ಮಾಡಿಸಿದ ಬಗೆ

ತುಮಕೂರಿನ ಕ್ಯಾತ್ಸಂದ್ರದ ಕಡೆಗಿರುವ ನಮ್ಮ ಮನೆಯ ಮಹಡಿಯಲ್ಲಿ ಒಂದು ಕೋಣೆಯನ್ನು ಧ್ವನಿಮುದ್ರಣಕ್ಕೆಂದೇ ಮೀಸಲಿಟ್ಟು, ಭಜನೆ, ತತ್ವಪದ, ಸುಗಮ ಸಂಗೀತಗಳನ್ನು ಮುದ್ರಿಸಿಕೊಡುತ್ತಿದ್ದೇನೆ. ಬಂದವರು ಮೈಕಿನ ಬಗ್ಗೆ, ಸ್ಪೀಕರುಗಳ ಬಗ್ಗೆ ವಿಚಾರಿಸುತ್ತಾರೆ. ಗೋಡೆಯೊಳಗಿನ ತಂತಿಯ ಬಗ್ಗೆ ಕೇಳುವವರು ವಿರಳ. ಆದರೆ ಈ ಕೋಣೆಯ ಖರ್ಚಿನಲ್ಲಿ ನಾನು ಮೊದಲು ತೆಗೆದಿರಿಸಿದ್ದು ಅರ್ತಿಂಗ್ (ಸೋರಿದ ಕರೆಂಟನ್ನು ನೆಲಕ್ಕಿಳಿಸುವ ವ್ಯವಸ್ಥೆ) ಮತ್ತು ವೈರಿಂಗಿನ ಹಣವನ್ನೇ. ಮೈಕನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು, ಗಾರೆ ಮಾಡಿ ಬಣ್ಣ ಹೊಡೆದ ಗೋಡೆಯನ್ನು ಮತ್ತೆ ಒಡೆಸಲು ಯಾರಿಗೂ ಮನಸ್ಸು ಬರುವುದಿಲ್ಲ.

ಲೋಡಿನ ಲೆಕ್ಕ ಸುಲಭವಾಗಿ ಮುಗಿಯಿತು. ಕಂಪ್ಯೂಟರ್, ಪರದೆ, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್, ಎರಡು ಸ್ಪೀಕರ್, ಕೀಬೋರ್ಡ್ ಎಲ್ಲ ಸೇರಿದರೂ 1000 ವ್ಯಾಟ್ ದಾಟುವುದಿಲ್ಲ, ಅಂದರೆ 230 ವೋಲ್ಟಿನಲ್ಲಿ ಸುಮಾರು 4.35 ಆಂಪಿಯರ್ ಮಾತ್ರ. 2.5 ಚದರ ಮಿಲಿಮೀಟರ್ ತಾಮ್ರದ ತಂತಿ, ಮಿತಿ ಮೀರಿ ಕರೆಂಟು ಹರಿದರೆ ತಾನೇ ಕಡಿದುಕೊಳ್ಳುವ 16 ಆಂಪಿಯರ್ ಎಂಸಿಬಿ ಸ್ವಿಚ್ಚು ಇದಕ್ಕೆ ಧಾರಾಳವಾಯಿತು. ಎ.ಸಿ.ಗೆ ಮಾತ್ರ ಕರೆಂಟು ಹಂಚುವ ಪೆಟ್ಟಿಗೆಯಾದ ಡಿಬಿಯಿಂದಲೇ ಬೇರೆಯಾಗಿ 4 ಚದರ ಮಿಲಿಮೀಟರ್ ತಂತಿ ಎಳೆಸಿದೆ. ಸ್ಟುಡಿಯೋಗೆ ಬೇಕಾದದ್ದು ಹೆಚ್ಚು ಕರೆಂಟಲ್ಲ, ಸದ್ದಿಲ್ಲದ ಕರೆಂಟು ಎಂಬುದು ಈ ಲೆಕ್ಕದಿಂದಲೇ ಗೊತ್ತಾಗುತ್ತದೆ.

ನಮ್ಮದು ಮೂರು ಫೇಸಿನ ಸಂಪರ್ಕ. ಈ ಊರಿನ ಬಹುತೇಕ ಮನೆಗಳಂತೆ ನಮ್ಮಲ್ಲೂ ಬೋರ್‌ವೆಲ್ ಮೋಟರು, ಸಂಪಿನಿಂದ ಟ್ಯಾಂಕಿಗೆ ನೀರೆತ್ತುವ ಇನ್ನೊಂದು ಮೋಟರು ಇವೆ. ಮೋಟರು ಶುರುವಾಗುವ ಕ್ಷಣದಲ್ಲಿ ಮಾಮೂಲಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಆಗ ದೀಪ ಒಮ್ಮೆ ಮಂಕಾಗುತ್ತದೆ, ಸ್ಟಾರ್ಟರಿನೊಳಗಿನ ಕಿಡಿ ಹಾಡಿನ ನಡುವೆ ‘ಟಪ್’ ಎಂದು ದಾಖಲಾಗಬಹುದು. ಆದ್ದರಿಂದ ಮೋಟರು, ಫ್ರಿಜ್ಜು, ಗೀಸರುಗಳನ್ನು ಬೇರೆ ಫೇಸುಗಳಿಗೆ ಹಂಚಿ, ಸ್ಟುಡಿಯೋದ ಎಲ್ಲ ಪ್ಲಗ್ ಪಾಯಿಂಟುಗಳನ್ನೂ ಒಂದೇ ಫೇಸಿಗೆ ತಂದೆವು. ಸ್ಟುಡಿಯೋದ ಉಪಕರಣಗಳನ್ನು ಎರಡು ಫೇಸಿಗೆ ಒಡೆಯಬಾರದು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ: ಒಂದು ಫೇಸಿಗೂ ಇನ್ನೊಂದು ಫೇಸಿಗೂ ನಡುವೆ 400 ವೋಲ್ಟ್ ಇರುತ್ತದೆ, ಮತ್ತು ಹಾಡುವವರು ಒಂದು ಕೈಯಲ್ಲಿ ಮೈಕು, ಇನ್ನೊಂದು ಕೈಯಲ್ಲಿ ಗಿಟಾರು ಹಿಡಿದಿರುತ್ತಾರೆ.

ಹೆಚ್ಚು ಚರ್ಚೆಯಾದದ್ದು ಅರ್ತಿಂಗಿನ ಮೇಲೆ. ಸ್ಪೀಕರಿನಲ್ಲಿ ಕೇಳುವ ‘ಗುಂಯ್’ ಎನ್ನುವ ಸದ್ದಿಗೆ ಬಹಳ ಸಲ ಕಾರಣ ಕೆಟ್ಟ ಉಪಕರಣವಲ್ಲ, ಅರ್ತ್ ತಂತಿ ಸುತ್ತಿ ಬಂದಿರುವ ದಾರಿ. ಎರಡು ಉಪಕರಣಗಳು ಎರಡು ಕಡೆಯ ಪ್ಲಗ್ಗುಗಳಿಂದ ಅರ್ತ್ ಪಡೆದು, ನಡುವೆ ಒಂದು ಆಡಿಯೋ ಕೇಬಲ್ಲಿನಿಂದಲೂ ಜೋಡಣೆಯಾದರೆ ಅಲ್ಲೊಂದು ಸುತ್ತು ಪೂರ್ಣವಾಗುತ್ತದೆ. ಎರಡು ಅರ್ತುಗಳ ನಡುವಿನ ಅಲ್ಪ ವೋಲ್ಟೇಜ್ ವ್ಯತ್ಯಾಸವೇ ಆ ಕೇಬಲ್ಲಿನ ಹೊರ ಜಾಲರಿಯಲ್ಲಿ ಕರೆಂಟು ಹರಿಸಿ, 50 ಹರ್ಟ್ಸಿನ ಗುಂಯ್‌ಗುಡುವಿಕೆಯನ್ನೂ 100 ಹರ್ಟ್ಸಿನ ಕರಕರೆಯನ್ನೂ ಹಾಡಿಗೆ ಬೆರೆಸುತ್ತದೆ. ಒಂದು ಬೋರ್ಡಿನಿಂದ ಮತ್ತೊಂದಕ್ಕೆ ಅರ್ತ್ ತಂತಿಯನ್ನು ಲೂಪ್ ಮಾಡುತ್ತಾ ಹೋಗುವುದು ಎಲ್ಲೆಡೆಯ ರೂಢಿ. ನಾನು ಪ್ರತಿ ಆಡಿಯೋ ಬೋರ್ಡಿನಿಂದಲೂ ಬೇರೆ ಬೇರೆ ಹಸಿರು ತಂತಿಯನ್ನು ಸ್ಟುಡಿಯೋದ ಸಣ್ಣ ಡಿಬಿಯಲ್ಲಿರುವ ಒಂದೇ ತಾಮ್ರದ ಪಟ್ಟಿಗೆ ತರಬೇಕೆಂದು ಹೇಳಿದಾಗ, ಎಲೆಕ್ಟ್ರಿಷಿಯನ್ನರು “ಇಷ್ಟು ತಂತಿ ಸುಮ್ಮನೆ ದಂಡ ಅಲ್ವಾ ಸಾರ್?” ಎಂದು ನಕ್ಕರು; ಆದರೂ ಹೇಳಿದಂತೆಯೇ ಅಚ್ಚುಕಟ್ಟಾಗಿ ಎಳೆದುಕೊಟ್ಟರು.

ಸ್ಟುಡಿಯೋಗೆಂದು ಬೇರೆ ಗುಂಡಿ ತೋಡಿ, ಅದನ್ನು ಮನೆಯ ಅರ್ತಿಗೆ ಸೇರಿಸದೆ ಸ್ವತಂತ್ರವಾಗಿ ಬಿಡಬೇಕೆಂದು ಸಲಹೆ ಕೊಡುವವರಿದ್ದಾರೆ. ಇದನ್ನು ನಾನು ಒಪ್ಪಲಿಲ್ಲ, ಯಾರೂ ಒಪ್ಪಬಾರದು. ಸಿಡಿಲು ಹೊಡೆದಾಗಲೋ ಎಲ್ಲಾದರೂ ಫೇಸ್ ತಂತಿ ಲೋಹಕ್ಕೆ ತಗುಲಿದಾಗಲೋ ಎರಡು ಅರ್ತುಗಳ ನಡುವೆ ಅಪಾಯಕಾರಿ ವೋಲ್ಟೇಜ್ ಏಳುತ್ತದೆ. ನಾವೂ ಹೊಸ ಗುಂಡಿ ತೋಡಿಸಿದೆವು ನಿಜ, ಆದರೆ ಅದನ್ನು ಹಳೆಯ ಅರ್ತಿನೊಂದಿಗೆ ದಪ್ಪ ತಾಮ್ರದ ತಂತಿಯಿಂದ ಬೆಸೆದು, ಮನೆಗೆಲ್ಲ ಒಂದೇ ಅರ್ತ್ ಎಂಬಂತೆ ಮಾಡಿದೆವು. ಹಿತ್ತಲಿನ ತೆಂಗಿನ ಮರದ ಪಾತಿಯ ಪಕ್ಕ ಜಾಗ ಆರಿಸಿದ್ದಕ್ಕೆ ಕಾರಣವಿತ್ತು: ನಮ್ಮ ಗರಸು ಮಣ್ಣು ಬೇಸಿಗೆಯಲ್ಲಿ ಒಣಗಿ ಗಟ್ಟಿಯಾಗುತ್ತದೆ, ತೇವವಿಲ್ಲದ ಮಣ್ಣು ಕರೆಂಟನ್ನು ಸರಿಯಾಗಿ ಇಳಿಸಿಕೊಳ್ಳುವುದಿಲ್ಲ, ಪಾತಿಗಾದರೆ ಹೇಗೂ ನೀರು ಬೀಳುತ್ತಿರುತ್ತದೆ. ಎರಡೂವರೆ ಮೀಟರ್ ಉದ್ದದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ನಿಲ್ಲಿಸಿ ಸುತ್ತಲೂ ಇದ್ದಿಲು, ಉಪ್ಪನ್ನು ಪದರ ಪದರವಾಗಿ ತುಂಬಿದರು. ಮೇಲೆ ನೀರು ಹುಯ್ಯಲು ಆಲಿಕೆ, ಮುಚ್ಚಲು ಸಿಮೆಂಟಿನ ಮುಚ್ಚಳ. ಅರ್ತ್ ಟೆಸ್ಟರಿನಿಂದ ಅಳೆಸಿ, ರೋಧ 5 ಓಮಿಗಿಂತ ಕೆಳಗೆ ಬಂದ ಮೇಲೆಯೇ ಮಣ್ಣು ಮುಚ್ಚಿಸಿದೆ.

ಗುಂಯ್ ಸದ್ದು ನಿಲ್ಲಿಸಲು ಪ್ಲಗ್ಗಿನ ದಪ್ಪ ಪಿನ್ನನ್ನೇ ಮುರಿದುಹಾಕುವ ಅಭ್ಯಾಸ ಆರ್ಕೆಸ್ಟ್ರಾದವರಲ್ಲಿ ಇದೆ. ಸದ್ದು ನಿಲ್ಲುತ್ತದೆ, ಅದರ ಜೊತೆಗೆ ಪ್ರಾಣ ಕಾಯುವ ತಂತಿಯೂ ಹೋಗುತ್ತದೆ. ಆ ಕೆಲಸಕ್ಕೆ ಟ್ರಾನ್ಸ್‌ಫಾರ್ಮರ್ ಇರುವ, ವಾದ್ಯಕ್ಕೂ ಮುದ್ರಣದ ಉಪಕರಣಕ್ಕೂ ನಡುವೆ ಕೂರುವ ಡಿಐ ಬಾಕ್ಸ್ ಎಂಬ ಪುಟ್ಟ ಪೆಟ್ಟಿಗೆ ಇದೆ. ಅದು ಆಡಿಯೋ ಕೇಬಲ್ಲಿನಲ್ಲಿ ಮಾತ್ರ ಸಂಪರ್ಕ ಕಡಿದು, ಕರೆಂಟಿನ ಅರ್ತನ್ನು ಮುಟ್ಟುವುದಿಲ್ಲ. ಸ್ಟುಡಿಯೋ ಸರ್ಕ್ಯೂಟಿಗೆ 30 ಮಿಲಿ ಆಂಪಿಯರ್ ಕರೆಂಟು ಸೋರಿದರೆ ಸಂಪರ್ಕ ಕಡಿಯುವ ಪ್ರತ್ಯೇಕ ಆರ್‌ಸಿಸಿಬಿಯನ್ನೂ ಹಾಕಿಸಿದ್ದೇನೆ. ಕಂಪ್ಯೂಟರಿನಂಥ ಪ್ರತಿಯೊಂದು ಉಪಕರಣದಿಂದಲೂ ಅಷ್ಟಿಷ್ಟು ಕರೆಂಟು ಅರ್ತಿಗೆ ಸೋರುತ್ತಲೇ ಇರುತ್ತದೆ. ಮನೆಗೆಲ್ಲ ಒಂದೇ ಆರ್‌ಸಿಸಿಬಿ ಇದ್ದರೆ ಆ ಸೋರಿಕೆಗಳೆಲ್ಲ ಸೇರಿ, ಗಾಯಕರು ಪಲ್ಲವಿಗೆ ಬರುವ ಹೊತ್ತಿಗೆ ಇಡೀ ಮನೆ ಕತ್ತಲಾಗಬಹುದು.

ಮೈಕಿನ ಕೇಬಲ್ಲುಗಳಿಗೆ ಎರಡು ಇಂಚಿನ ಬೇರೆ ಪೈಪು ಹಾಕಿಸಿದೆ. ಕರೆಂಟಿನ ಪೈಪಿಗೂ ಇದಕ್ಕೂ ಕನಿಷ್ಠ ಒಂದು ಅಡಿ ಅಂತರ. ದಾಟಲೇಬೇಕಾದ ಕಡೆ ಕತ್ತರಿಯಂತೆ ನೇರ ಅಡ್ಡಲಾಗಿ ದಾಟಬೇಕು, ಜೊತೆಜೊತೆಯಾಗಿ ಓಡಬಾರದು. ಮುಂದೆ ಕೇಬಲ್ ಸೇರಿಸಲು ಅನುಕೂಲವಾಗಲೆಂದು ಪೈಪಿನೊಳಗೆ ಒಂದು ತೆಳು ಜಿಐ ತಂತಿಯನ್ನು ಬಿಟ್ಟಿದ್ದೇವೆ. ಕೋಣೆಯಲ್ಲಿ ಹಾಡುವ ಭಾಗಕ್ಕೂ ಮುದ್ರಿಸುವ ಭಾಗಕ್ಕೂ ನಡುವಿನ ಗೋಡೆಯಲ್ಲಿ ಎರಡೂ ಬದಿಯ ಬೋರ್ಡುಗಳು ಬೆನ್ನಿಗೆ ಬೆನ್ನು ಕೊಟ್ಟು ಕೂರದಂತೆ ಎರಡಡಿ ಸರಿಸಿ, ಗೋಡೆ ದಾಟುವ ಪೈಪಿನ ಬಾಯನ್ನು ಸೀಲೆಂಟಿನಿಂದ ತುಂಬಿಸಿದೆ. ತಂತಿ ಹೋಗುವಷ್ಟು ಸಂದಿಯಲ್ಲಿ ಧ್ವನಿಯೂ ಸರಾಗವಾಗಿ ಹೋಗುತ್ತದೆ. ಬೋರ್ಡುಗಳನ್ನು ನೆಲದಿಂದ ಮೂರಡಿ ಎತ್ತರದಲ್ಲಿ, ಅಂದರೆ ಮೇಜಿನ ಹಲಗೆಗಿಂತ ಮೇಲೆ ಇರಿಸಿದ್ದರಿಂದ ಪ್ಲಗ್ ತೆಗೆಯಲು ಮೇಜಿನಡಿ ನುಸುಳಬೇಕಿಲ್ಲ.

ದೀಪಕ್ಕೆ ಬೆಳಕು ಏರಿಳಿಸುವ ಡಿಮ್ಮರ್ ಬೇಡವೆಂದೆ, ಅದರ ಕರಕರೆ ಗಿಟಾರಿನ ತಂತಿಯ ಕಂಪನ ಹಿಡಿಯುವ ಪಿಕಪ್ಪಿಗೆ ನೇರವಾಗಿ ಸೇರುತ್ತದೆ. ಫ್ಯಾನಿಗೆ ಕೆಪಾಸಿಟರಿನ, ಹೆಜ್ಜೆ ಹೆಜ್ಜೆಯಾಗಿ ತಿರುಗುವ ರೆಗ್ಯುಲೇಟರನ್ನೇ ಹಾಕಿಸಿದೆ. ಮುದ್ರಣದ ವೇಳೆ ಫ್ಯಾನು, ಎ.ಸಿ. ಎರಡೂ ಹೇಗೂ ಬಂದ್. ಭರಣಿ ಮಳೆಯ ಗುಡುಗು ಸಿಡಿಲಿಗೆ ಡಿಬಿಯಲ್ಲಿ, ದಿಢೀರ್ ಏರಿದ ವೋಲ್ಟೇಜನ್ನು ಅರ್ತಿಗೆ ಹರಿಸುವ ಒಂದು ಎಸ್‌ಪಿಡಿ ಇದೆ, ಆದರೂ ಸಿಡಿಲು ಹತ್ತಿರವಾದರೆ ಪ್ಲಗ್ ಕಿತ್ತಿಡುವುದೇ ನನ್ನ ಕ್ರಮ. ಕರೆಂಟು ಹೋದಾಗ ಆಧಾರವಾಗುವ ಸೈನ್ ವೇವ್ ಯುಪಿಎಸ್ಸನ್ನು, ಅದರ ಫ್ಯಾನಿನ ಸದ್ದಿಗಾಗಿ, ಹೊರಗಿನ ಪಡಸಾಲೆಯಲ್ಲಿ ಇರಿಸಿದ್ದೇವೆ.

ಕೆಲಸ ಮುಗಿದ ರಾತ್ರಿ ಎಲ್ಲ ಉಪಕರಣಗಳನ್ನೂ ಹಾಕಿ, ಮಲ್ಟಿಮೀಟರಿನಿಂದ ನ್ಯೂಟ್ರಲ್ ಮತ್ತು ಅರ್ತಿನ ನಡುವೆ ಅಳೆದೆ. ಎರಡು ವೋಲ್ಟಿನೊಳಗೇ ಇತ್ತು. ಅನಂತರ ಹೆಡ್‌ಫೋನ್ ಹಾಕಿಕೊಂಡು, ಮೈಕಿನ ಗೇನನ್ನು (ಸದ್ದನ್ನು ಹಿಗ್ಗಿಸುವ ಪ್ರಮಾಣ) ಪೂರ್ತಿ ಏರಿಸಿ, ಮನೆಯವರಿಗೆ ಹೇಳಿ ಮೋಟರು, ಮಿಕ್ಸಿ, ಫ್ರಿಜ್ಜುಗಳನ್ನು ಒಂದೊಂದಾಗಿ ಹಾಕಿಸಿ ಆರಿಸಿದೆ. ಮಿಕ್ಸಿಯ ಸದ್ದು ಕೇಳಿಸಿತು, ಆದರೆ ಅದು ತಂತಿಯಿಂದ ಬಂದದ್ದಲ್ಲ, ಬಾಗಿಲ ಕೆಳಗಿನ ಸಂದಿಯಿಂದ. ಬಾಗಿಲಿಗೆ ರಬ್ಬರ್ ಪಟ್ಟಿ ಹಾಕಿಸಿದೆ.

ಗಾರೆ ಬೀಳುವ ಮೊದಲೇ ಪ್ರತಿ ಗೋಡೆಗೂ ಅಳತೆಯ ಟೇಪು ಹಿಡಿದು, ಪೈಪು ಹೋದ ದಾರಿ ಕಾಣುವಂತೆ ಫೋಟೋ ತೆಗೆದಿಟ್ಟುಕೊಂಡಿದ್ದೇನೆ. ಧ್ವನಿ ಹೀರುವ ಫಲಕಗಳನ್ನು ತೂಗುಹಾಕಲು ಗೋಡೆಗೆ ಡ್ರಿಲ್ ಇಡುವ ಮುನ್ನ ಬಡಗಿಯವರು ಕೇಳುವುದು ಆ ಫೋಟೋಗಳನ್ನೇ.