ಸಾಮೆ ಮಿಲ್ಲಿಗೆ ಯಂತ್ರಕ್ಕಿಂತ ಮೊದಲು ಬೇಕಾದದ್ದು

ಹೊಸದುರ್ಗದ ಸುತ್ತಮುತ್ತ ಮಳೆ ನಂಬಿದ ಹೊಲಗಳಲ್ಲಿ ಸಾಮೆ ಹಳೇ ಬೆಳೆ. ಕಾಳು ಮೂಟೆಗಟ್ಟಲೆ ಬೇರೆ ಊರಿಗೆ ಹೋಗಿ, ಸಿಪ್ಪೆ ತೆಗೆದ ಸಾಮೆ ಅಕ್ಕಿಯಾಗಿ ಪ್ಯಾಕೆಟ್‌ನಲ್ಲಿ ವಾಪಸ್ ಬರುತ್ತಿತ್ತು. ನಡುವಿನ ದುಡ್ಡು ಊರಲ್ಲೇ ಉಳಿಯಲಿ ಅಂತ ನಾನು ಸಣ್ಣದೊಂದು ಮಿಲ್ಲು ಹಾಕಿದೆ.

ಯಂತ್ರಕ್ಕೆ ಸಾಲ ಸಿಗುತ್ತದೆ. ಕಿರು ಆಹಾರ ಸಂಸ್ಕರಣೆಗೆಂದೇ 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದ್ದು ಶೇ 35 ಸಬ್ಸಿಡಿ. ನಮ್ಮ ರಾಜ್ಯ ಅದಕ್ಕೆ ಇನ್ನೂ ಶೇ 15 ಸೇರಿಸಿತು. ಎರಡೂ ಸೇರಿ ಹೆಚ್ಚೆಂದರೆ 15 ಲಕ್ಷ ರೂಪಾಯಿ. ಅದು ಕೈಗೆ ಬರುವ ದುಡ್ಡಲ್ಲ, ಸಾಲಕ್ಕೆ ವಜಾ ಆಗುವ ದುಡ್ಡು. ಕರೆಂಟಿಗೆ ಬೇರೆ ಸಂಪರ್ಕ ತೆಗೆದುಕೊಳ್ಳಿ, ಪಂಪ್‌ಸೆಟ್ ಲೈನ್ ನಂಬಿ ಮಿಲ್ಲು ನಡೆಯಲ್ಲ.

ನಿಜವಾದ ಕೆಲಸ ಇರುವುದು ಕಣದಲ್ಲಿ. ನಮ್ಮ ಕಡೆ ತುಂಬಾ ಜನ ಟಾರು ರಸ್ತೆ ಮೇಲೆ ಒಕ್ಕಣೆ ಮಾಡುತ್ತಾರೆ. ಸಾಮೆ ಕಾಳು ಎಷ್ಟು ಸಣ್ಣದು ಅಂದರೆ ಮರಳು, ಮಣ್ಣಿನ ಉಂಡೆ ಎಲ್ಲ ಅದೇ ಗಾತ್ರಕ್ಕೆ ಬಂದು ಕೂರುತ್ತವೆ. ಕಲ್ಲು ತೆಗೆಯುವ ಯಂತ್ರ ಬೇರ್ಪಡಿಸುವುದು ತೂಕ ನೋಡಿ. ಮರಳು ಭಾರ, ಹಾಗಾಗಿ ಸಿಕ್ಕಿಬೀಳುತ್ತದೆ. ಒಣಗಿದ ಮಣ್ಣಿನ ಉಂಡೆ ಹಗುರ, ಕಾಳಿನ ಜೊತೆಗೇ ಜಾರಿ ಹೋಗುತ್ತದೆ. ಬಾಯಿಗೆ ಒಂದು ಹರಳು ಸಿಕ್ಕರೆ ಸಾಕು, ಆ ಗಿರಾಕಿ ಮತ್ತೆ ಬರಲ್ಲ. ಅದಕ್ಕೇ ಸುಗ್ಗಿಗೆ ಮುಂಚೆ ರೈತರಿಗೆ ಟಾರ್ಪಾಲ್ ಹಂಚಿದೆ. ಟಾರ್ಪಾಲ್ ಮೇಲೆ ಒಕ್ಕಿದ ಕಾಳಿಗೆ ಕ್ವಿಂಟಾಲಿಗೆ ಇಷ್ಟು ಜಾಸ್ತಿ ಅಂತ ಮೊದಲೇ ಹೇಳಿದೆ. ಮಣ್ಣು ಅಲ್ಲೇ ನಿಂತಿತು.

ಎರಡನೆಯದು ದುಡ್ಡು. ಮೊದಲ ಸುಗ್ಗಿಯಲ್ಲಿ ಕಾಳು ತಂದ ಅಜ್ಜಿಯೊಬ್ಬರು ದರ ಕೇಳಲೇ ಇಲ್ಲ. “ಏನಪ್ಪಾ, ದುಡ್ಡು ಇವತ್ತೇ ಕೊಡ್ತೀಯಾ?” ಅಂತ ಕೇಳಿದರು. ದಲ್ಲಾಳಿ ಕಡಿಮೆ ಕೊಟ್ಟರೂ ಆಗಲೇ ಎಣಿಸಿ ಕೊಡುತ್ತಾನೆ, ಅಲ್ವಾ? ಅವನನ್ನು ಬಿಟ್ಟು ನಮ್ಮ ಹತ್ತಿರ ಬರಬೇಕಾದರೆ ತಕ್ಕಡಿಯಿಂದ ಮೂಟೆ ಇಳಿಯುವಾಗಲೇ ದುಡ್ಡು ಸಿಗಬೇಕು. ಕಾಳು ಬರುವುದು ಎರಡು ಮೂರು ತಿಂಗಳು, ಅಕ್ಕಿ ಮಾರುವುದು ವರ್ಷವಿಡೀ. ಅಲ್ಲಿಯವರೆಗೆ ದುಡ್ಡು ಮೂಟೆಯಲ್ಲೇ ಕೂತಿರುತ್ತದೆ. ಅದಕ್ಕೆ ದುಡಿಮೆ ಬಂಡವಾಳದ ಸಾಲ ಬೇರೆಯೇ ಮಾಡಿದೆ. ಯಂತ್ರ ಬರುವ ಮುಂಚೆಯೇ ಬ್ಯಾಂಕಿನಲ್ಲಿ ಈ ಮಾತು ಮುಗಿಸಿಕೊಳ್ಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸಿಪ್ಪೆ ಇರುವವರೆಗೆ ಸಾಮೆ ವರ್ಷಗಟ್ಟಲೆ ಕೆಡುವುದಿಲ್ಲ. ಸಿಪ್ಪೆ ತೆಗೆದರೆ ತೌಡಿನ ಎಣ್ಣೆಗೆ ಗಾಳಿ ತಾಗಿ ಕೆಲವೇ ತಿಂಗಳಲ್ಲಿ ಕಮಟು ವಾಸನೆ ಬರುತ್ತದೆ. ತೌಡೆಲ್ಲ ಉಜ್ಜಿ ತೆಗೆದು ಬೆಳ್ಳಗೆ ಮಾಡಿದರೆ ತಾಳಿಕೆ ಜಾಸ್ತಿ, ಆದರೆ ಸತ್ವವೂ ಹೋಯಿತು. ಸಿರಿಧಾನ್ಯ ಅಂತ ಮಾರಿ ಸತ್ವ ತೆಗೆದುಬಿಡುವುದು ನನಗೆ ಒಪ್ಪಿಗೆಯಿಲ್ಲ. ಆರ್ಡರ್ ಬಂದ ಮೇಲೇ ಸಿಪ್ಪೆ ತೆಗೆಯುತ್ತೇವೆ. ತಯಾರಿಸಿದ ದಿನಾಂಕವನ್ನು ಪ್ಯಾಕೆಟ್ ಮೇಲೆ ದಪ್ಪಕ್ಷರದಲ್ಲಿ ಹಾಕುತ್ತೇವೆ.

ಹೋಬಳಿಗೊಂದು ಸಿಮೆಂಟ್ ಕಣ, ಪಕ್ಕದಲ್ಲೇ ಕಾಳು ಶುಚಿ ಮಾಡುವ ಯಂತ್ರ ಇದ್ದರೆ ನನ್ನಂಥ ಇನ್ನೂ ನಾಲ್ಕು ಮಿಲ್ಲು ಇಲ್ಲಿ ಬದುಕುತ್ತವೆ. ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇವೆ. ರೈತರೂ ಸಹಿ ಹಾಕಿದ್ದಾರೆ.