ನೀರಿನ ಸ್ಯಾಂಪಲ್‌ಗೆ ಯಾವ ಸಾರ್ಬೆಂಟ್?

ಒಂದು ಲೀಟರ್ ನೀರಿನಲ್ಲಿ ಕೆಲವೇ ನ್ಯಾನೋಗ್ರಾಂ ಕೀಟನಾಶಕ ಇದ್ದರೆ ನೇರವಾಗಿ ಅಳೆಯುವುದು ಕಷ್ಟ. ಅದಕ್ಕೇ ಸಾರ್ಬೆಂಟ್ (ರಾಸಾಯನಿಕಗಳನ್ನು ತನ್ನ ಮೇಲೆ ಹಿಡಿದಿಟ್ಟುಕೊಳ್ಳುವ ಪುಡಿ) ತುಂಬಿದ ಕಾರ್ಟ್ರಿಜ್‌ ಮೂಲಕ ನೀರನ್ನು ಹಾಯಿಸುತ್ತೇವೆ. ರಾಸಾಯನಿಕ ಒಳಗೆ ಅಂಟಿಕೊಳ್ಳುತ್ತದೆ. ಆಮೇಲೆ ಕೆಲವು ಮಿ.ಲೀ. ಮೆಥನಾಲ್ ಹಾಕಿ ಬಿಡಿಸಿಕೊಳ್ಳುತ್ತೇವೆ.

ಕ್ಯಾಟಲಾಗ್ ತೆರೆಯುವ ಮೊದಲು ನಿಮ್ಮ ರಾಸಾಯನಿಕದ ಎರಡು ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಲಾಗ್ ಪಿ ಜಾಸ್ತಿ ಇದ್ದಷ್ಟೂ ಅದಕ್ಕೆ ನೀರು ಒಗ್ಗುವುದಿಲ್ಲ. ಯಾವ ಪಿಹೆಚ್ ಆಸುಪಾಸಿನಲ್ಲಿ ಅದರ ಚಾರ್ಜ್ ಬದಲಾಗುತ್ತದೆ ಎಂದು ತಿಳಿಸುವುದು ಪಿಕೆಎ.

ಅಟ್ರಾಜಿನ್ ಕಳೆನಾಶಕದ ಲಾಗ್ ಪಿ ಸುಮಾರು 2.6. ಇಂಥದ್ದಕ್ಕೆ ಸಿ18 ಸಿಲಿಕಾ (18 ಇಂಗಾಲದ ಸರಪಳಿಗಳನ್ನು ಜೋಡಿಸಿದ ಸಿಲಿಕಾ ಪುಡಿ) ಸಾಕು. ಆದರೆ ಅದನ್ನು ಮೊದಲು ಮೆಥನಾಲ್‌ನಿಂದ, ನಂತರ ನೀರಿನಿಂದ ನೆನೆಸಬೇಕು. ಸ್ಯಾಂಪಲ್ ಹಾಕುವ ಮುನ್ನ ಒಣಗಿತೋ, ಹಿಡಿತ ತಪ್ಪಿತು; ಮತ್ತೆ ಮೊದಲಿಂದ ನೆನೆಸಿ. ಹಲವು ಬಗೆಯ ರಾಸಾಯನಿಕಗಳನ್ನು ಒಟ್ಟಿಗೆ ಹುಡುಕುವಾಗ ನಾನು ನೀರಿಗೆ ಒಗ್ಗುವ ಪಾಲಿಮರ್ ಸಾರ್ಬೆಂಟನ್ನೇ ಆರಿಸುತ್ತೇನೆ. ಸ್ವಲ್ಪ ಒಣಗಿದರೂ ಅದು ಕೈಕೊಡುವುದಿಲ್ಲ.

ಬಹಳ ಜನ ಎಡವುವುದು ಪಿಹೆಚ್‌ನಲ್ಲಿ. ನೋವಿನ ಔಷಧ ಡೈಕ್ಲೋಫೆನಾಕ್‌ನ ಪಿಕೆಎ ಸುಮಾರು 4. ಪಿಹೆಚ್ 7ರ ನೀರಿನಲ್ಲಿ ಅದಕ್ಕೆ ಋಣ ಚಾರ್ಜ್ ಇರುತ್ತದೆ, ಸಿ18 ಅದನ್ನು ಸರಿಯಾಗಿ ಹಿಡಿಯುವುದಿಲ್ಲ. ಆಮ್ಲ ಹಾಕಿ ಪಿಹೆಚ್ 2ಕ್ಕೆ ಇಳಿಸಿ ನೋಡಿ. ಪಿಕೆಎಗಿಂತ ಎರಡು ಅಂಕ ಕೆಳಗೆ ಹೋದರೆ ಇಂಥ ಆಮ್ಲಗಳ ಸುಮಾರು 99% ಅಣುಗಳು ಚಾರ್ಜ್ ಕಳೆದುಕೊಳ್ಳುತ್ತವೆ. ಅದೇ ಕಾರ್ಟ್ರಿಜ್, ಬೇರೆಯೇ ಫಲಿತಾಂಶ! ಆದರೆ ಸಿಲಿಕಾ ಇದ್ದರೆ 2ಕ್ಕಿಂತ ಕೆಳಗೆ ಇಳಿಸಬೇಡಿ, ಸಿ18 ಸರಪಳಿಗಳು ಕಳಚಿಕೊಳ್ಳಬಹುದು.

ಕೆಲವಕ್ಕೆ ಈ ಉಪಾಯ ನಡೆಯುವುದಿಲ್ಲ. ಪಿಎಫ್‌ಒಎಸ್ ಎಂಬ ಫ್ಲೋರಿನ್ ಇರುವ ಮಾಲಿನ್ಯಕಾರಕ ನೀರಿನಲ್ಲಿ ಯಾವಾಗಲೂ ಋಣ ಚಾರ್ಜ್ ಹೊತ್ತೇ ಇರುತ್ತದೆ. ಹಾಗಾದರೆ ಬಲವಾದ ಅಯಾನು ವಿನಿಮಯ ಸಾರ್ಬೆಂಟ್ (ವಿರುದ್ಧ ಚಾರ್ಜ್‌ನಿಂದ ಸೆಳೆದು ಹಿಡಿಯುವಂಥದ್ದು) ಬೇಕು ಅನ್ನಿಸುತ್ತದೆ, ಅಲ್ವಾ? ಬೇಡ. ಅದು ಹಿಡಿದದ್ದನ್ನು ಸುಲಭಕ್ಕೆ ಬಿಡುವುದಿಲ್ಲ. ದುರ್ಬಲ ಋಣ ಅಯಾನು ವಿನಿಮಯದ್ದನ್ನು ತೆಗೆದುಕೊಳ್ಳಿ. ಅಮೋನಿಯಾ ಬೆರೆಸಿದ ಮೆಥನಾಲ್ ಹಾಕಿದಾಗ ಸಾರ್ಬೆಂಟ್‌ನ ಚಾರ್ಜೇ ಹೋಗಿ ಪಿಎಫ್‌ಒಎಸ್ ಹೊರಬರುತ್ತದೆ. ನೀರಿನಲ್ಲಿ ಸದಾ ಧನ ಚಾರ್ಜ್ ಇರುವ ಸಕ್ಕರೆ ಕಾಯಿಲೆಯ ಔಷಧ ಮೆಟ್‌ಫಾರ್ಮಿನ್‌ಗೆ ದುರ್ಬಲ ಧನ ಅಯಾನು ವಿನಿಮಯದ್ದು.

ನಲ್ಲಿ ನೀರಾದರೆ ಸ್ಯಾಂಪಲ್ ತೆಗೆದ ಕೂಡಲೇ ಕ್ಲೋರಿನ್ ತೆಗೆಯಿರಿ. ಕೆಸರಿದ್ದರೆ ಸೋಸಿ.

ಆರಿಸಿದ್ದು ಸರಿಯೇ ಎಂದು ನೋಡಲು ಎರಡು ಕಾರ್ಟ್ರಿಜ್‌ಗಳನ್ನು ಒಂದರ ಕೆಳಗೊಂದು ಜೋಡಿಸಿ. ಗೊತ್ತಿರುವ ಪ್ರಮಾಣದ ರಾಸಾಯನಿಕ ಬೆರೆಸಿದ ನೀರು ಹಾಯಿಸಿ. ಕೆಳಗಿನದರಲ್ಲೂ ಸಿಕ್ಕಿದರೆ ಮೇಲಿನದು ಸೋರಿದೆ ಎಂದೇ ಅರ್ಥ. ನೀರು ಕಡಿಮೆ ಮಾಡಿ, ಇಲ್ಲವೇ ಸಾರ್ಬೆಂಟ್ ಹೆಚ್ಚಿಸಿ. ಈ ಪರೀಕ್ಷೆಯನ್ನು ಸುಮ್ನೆ ಶುದ್ಧ ನೀರಿನಲ್ಲಿ ಮಾಡಿ ಮುಗಿಸಬೇಡಿ. ಕೆರೆ ನೀರಿನಲ್ಲಿ ಕೊಳೆತ ಎಲೆಗಳಿಂದ ಬಂದ ಹ್ಯೂಮಿಕ್ ಆಮ್ಲಗಳೂ ಅದೇ ಜಾಗಕ್ಕೆ ಅಂಟಿಕೊಳ್ಳುತ್ತವೆ.