ದಿಮ್ಮಿ ಮನೆಯ ಬಾಗಿಲು ಸಿಕ್ಕಿಕೊಂಡಾಗ

ಫಿನ್‌ಲ್ಯಾಂಡಿನಲ್ಲಿ ನಮ್ಮ ದಿಮ್ಮಿ ಮನೆಗೆ, ಅಂದರೆ ಮರದ ದಿಮ್ಮಿಗಳನ್ನು ಮಲಗಿಸಿ ಒಂದರ ಮೇಲೊಂದು ಪೇರಿಸಿ ಗೋಡೆ ಕಟ್ಟಿದ ಮನೆಗೆ, ಅದು ಎರಡನೇ ಚಳಿಗಾಲ. ಮುಂಬಾಗಿಲು ಹೆಗಲು ಕೊಟ್ಟು ತಳ್ಳಿದರೂ ಜಪ್ಪಯ್ಯ ಅನ್ನಲಿಲ್ಲ. ಮರ ಉಬ್ಬಿದೆ ಅಂದುಕೊಂಡು ಮೇಲಂಚಿಗೆ ಕೀಸುಳಿ ಹಾಕಿದೆ. ವಾರ ಸರಿಯಿತ್ತು, ಮತ್ತೆ ಅದೇ ಕಥೆ. ಒಲೆ ಉರಿಯುವ ಒಣ ಮನೆಯಲ್ಲಿ ಮರ ಎಲ್ಲಿಂದ ಉಬ್ಬಬೇಕು? ಆ ಬುದ್ಧಿ ಆಗ ಇರಲಿಲ್ಲ.

ಪಕ್ಕದ ಮನೆಯ ಅಜ್ಜ ಬಾಗಿಲ ಮೇಲಿನ ಪಟ್ಟಿ ಕಿತ್ತು ತೋರಿಸಿದರು. ದಿಮ್ಮಿ ಒಣಗುತ್ತಾ ದಪ್ಪದಲ್ಲಿ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ನಾಮಕಾವಸ್ತೆ. ಹಾಗಾಗಿ ಗೋಡೆ ಮೀಟರ್ ಎತ್ತರಕ್ಕೆ 1ರಿಂದ 5 ಸೆಂ.ಮೀ. ಕೂರುತ್ತದೆ, ಅದಕ್ಕೇ ಚೌಕಟ್ಟಿನ ಮೇಲೆ ಖಾಲಿ ಸಂದಿ ಬಿಟ್ಟಿರುತ್ತಾರೆ. ನಮ್ಮದರಲ್ಲಿ ಯಾರೋ ಪುಣ್ಯಾತ್ಮರು ಅಲ್ಲಿ ಬೆಣೆ ಹೊಡೆದು ಫೋಮ್ ತುಂಬಿದ್ದರು. ಮೇಲಿನ ದಿಮ್ಮಿಗಳ ಭಾರವೆಲ್ಲ ಚೌಕಟ್ಟಿನ ನೆತ್ತಿಯ ಮೇಲೆ!

ಬೆಣೆ ಕೊಯ್ದು ತೆಗೆದೆ, ಫೋಮ್ ಕೆರೆದೆ, ಅಗಸೆ ನಾರನ್ನು ಸಡಿಲವಾಗಿ ತುರುಕಿದೆ. ಪಟ್ಟಿಗೆ ಮೇಲಿನ ದಿಮ್ಮಿಯಲ್ಲಿ ಮಾತ್ರ ಮೊಳೆ ಹೊಡೆದೆ, ಗೋಡೆ ಇಳಿದಂತೆ ಅದೂ ಚೌಕಟ್ಟಿನ ಮುಂದೆ ಜಾರಲಿ ಅಂತ. ಜಗಲಿಯ ಕಂಬಗಳು ನೆಟ್ಟಗೆ ನಿಂತ ಮರ, ಗೋಡೆಯಂತೆ ಕುಗ್ಗುವುದಿಲ್ಲವಲ್ಲ, ಅವುಗಳ ಬುಡದಲ್ಲಿ ಎತ್ತರ ಹೊಂದಿಸುವ ತಿರುಪು ಜಾಕನ್ನೂ ಸ್ಪ್ಯಾನರ್ ಹಿಡಿದು ಒಂದೂವರೆ ಸುತ್ತು ಇಳಿಸಿದೆ. ಆ ರಾತ್ರಿ ಮನೆಯಿಡೀ ಲಟಲಟ ಸದ್ದು. ಹೆಂಡತಿ ದೆವ್ವ ಅಂದಳು.

ಈಗ ಬಾಗಿಲಿಗೆ ಬೆರಳು ತಾಗಿಸಿದರೆ ಸಾಕು. ನಾನು ಕೀಸಿದ ಮೇಲಂಚಿನಲ್ಲಿ ಮಾತ್ರ ಚಳಿಗಾಳಿ ನುಸುಳುತ್ತದೆ. ಅಲ್ಲಿಗೆ ಉಣ್ಣೆ ಪಟ್ಟಿ ಅಂಟಿಸಿದ್ದೇನೆ.